ಸುಜಾತನ ಮುಡಿ

೩-೨-೮೩, ಗುರುವಾರ

ಪಾಠ ಮುಗಿಸಿ ಸ್ಕೂಲಿಂದ ಬಂದು ಸುಜಾತಂಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದೆ. ಒಂದು ಕಡೆ ಕೂರಲ್ಲ ಕತ್ತೆಮರಿ. ಪೋಸ್ಟ್‌ಮ್ಯಾನ್ ಸೈಕಲ್ ನಿಲ್ಲಿಸದೆ ಹೋದ. ಜೀವನಾಂಶದ ಮನಿಯಾರ್ಡರು ಇನ್ನೂ ಇಲ್ಲ. ಡೈವೋರ್ಸ್ ಆದಾಗಿಂದ ಒಂದು ತಿಂಗಳೂ ತಪ್ಪಿಸಿರಲಿಲ್ಲ ಬೆಟ್ಟಸ್ವಾಮಿ — ಗಂಡನಾಗಿದ್ದೋರ ಹೆಸರು ಹಿಡಿದು ಬರೆಯೋ ಧೈರ್ಯ ಈ ಡೈರೀಲಿ ಮಾತ್ರ. ದುಡ್ಡಿಗಲ್ಲ ಹೆದರಿಕೆ. ನನ್ನ ಸಂಬಳದಲ್ಲಿ ಹೆಂಗೋ ನಡೆಯುತ್ತೆ. ಮಗೂನೇ ಇಟ್ಕೊಳ್ಳೋ ಯೋಚನೆ ಇದ್ದೋರು ಮನಿಯಾರ್ಡರು ಯಾಕೆ ಕಳಿಸ್ತಾರೆ...

೬-೨, ಭಾನುವಾರ ಸಂಜೆ

ಕೋರ್ಟು ಅವರಿಗೆ ಮಗೂನ ಕೊಟ್ಟಿರೋದು ಭಾನುವಾರ ಮಾತ್ರ. ಸಂಜೆ ನರಸೀಪುರದ ಬಸ್ಸಲ್ಲಿ ತಂದು ಬಿಟ್ಟರು, ಆದರೆ ಬಾಗಿಲಲ್ಲೇ ನಿಂತರು. ಮಗೂದು ಇನ್ನೂ ಹುಟ್ಟುಗೂದಲು, ಮೂಗೂರಲ್ಲಿ ಅವರ ಮನೆದೇವರಿಗೆ ಮುಡಿ ಕೊಡಬೇಕಂತೆ. ಒಂದು ವಾರ ಕಳಿಸು ಅಂದರು. ಯಾರ ಮನೆದೇವರಿಗೆ ಮುಡಿ ಕೊಟ್ಟರೋ ಮಗು ಆ ಮನೇದು ಅಂತ ಅವರಮ್ಮ ಮುದ್ದಮ್ಮ ಹೇಳಿ ಕಳಿಸಿದಾರೆ. ಐದು ತುಂಬಿದರೆ ಮಗು ತಮಗೇ ಬೇಕು ಅಂತ ಅವರು ಮತ್ತೆ ಅರ್ಜಿ ಹಾಕಬಹುದು ಅಂತ ವಕೀಲರು ಆವಾಗಲೇ ಹೇಳಿದ್ದರು. ಬರೋ ತಿಂಗಳು ಐದು.

೭-೨, ಸೋಮವಾರ

ರಜಾ ಹಾಕಿ, ಬೆಳಿಗ್ಗೇನೇ ಕಪಿಲೆ ಹತ್ರ ಕರ್ಕೊಂಡೋಗಿ ನಂಜುಂಡೇಶ್ವರನಿಗೆ ಮುಡಿ ಕೊಡಿಸಿಬಿಟ್ಟೆ. ಇನ್ನು ಮೂಗೂರಿಗೆ ಕರೆಯೋಕೆ ನೆಪ ಇಲ್ಲ. ಅಪ್ಪನ ಮನೆದೇವರ ಮುಡಿ ಕದ್ದೆಯಲ್ಲೇ ಅಂತ ಪಕ್ಕದ್ಮನೆ ಮಂಗಳಮ್ಮ ಬೈದರು. ಕದ್ದೆ, ಏನೀಗ.

ಮಗು ಕಿರುಚಿತು. ತಲೆ ಅಮುಕಿ ಹಿಡಿದೋಳು ನಾನೇ. ಆಮೇಲೆ ಗಂಧ ಹಚ್ಚೋಕೆ ಹೋದರೆ ಕೈ ತಳ್ಳಿದಳು.

"ನೀನು ಬೇಡ. ಅಪ್ಪನ ಹತ್ರ ಹೋಗ್ತೀನಿ."

ಮಕ್ಕಳ ಮಾತು. ನಾಳೆಗೆ ಮರೀತಾಳೆ.

೧೩-೨, ಭಾನುವಾರ

ಬೆಳಿಗ್ಗೆ ಬಂದರು. ಬೋಳುತಲೆ ನೋಡಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇಷ್ಟು ಹೆದರ್ಕೊಂಡಿದೀಯಾ ನಂಗೆ" ಅಂದು ಎತ್ತಿಕೊಂಡು ಹೋದರು. ಅವಳು ತಿರುಗೂ ನೋಡಲಿಲ್ಲ.

ಸಂಜೆ ನರಸೀಪುರದ ಬಸ್ಸು ಬಂತು. ಅವರು ಇಳೀಲಿಲ್ಲ. ಅದರ ಹಿಂದಿನ ಬಸ್ಸಲ್ಲೂ...

೧೪-೨, ಸೋಮವಾರ

ನರಸೀಪುರದಲ್ಲಿ ಅವರ ಮನೆಗೆ ಬೀಗ. ಮೂಗೂರಲ್ಲಿ ಮುದ್ದಮ್ಮ ಮುಖಕ್ಕೇ ಬಾಗಿಲು ಹಾಕಿದರು. ವಾಪಸ್ ಬಂದು ಪೊಲೀಸ್ ಸ್ಟೇಷನ್‌ಗೆ ಹೋದೆ. ಫೋಟೋ ಕೇಳಿದರು. ಇರೋ ಒಂದೇ ಫೋಟೋದಲ್ಲಿ ಎರಡು ಜಡೆ, ರಿಬ್ಬನ್ನು. ಈಗ ಬೋಳು ಸಾರ್, ಅಂದೆ. ದೂರು ಬರೆದುಕೊಳ್ತಿದ್ದ ರೈಟರು ಪೆನ್ನು ಕೆಳಗಿಟ್ಟು ಕಿಟಕಿ ಕಡೆ ನೋಡಿದರು. ಸೋಮವಾರ. ನಂಜುಂಡೇಶ್ವರನ ವಾರ, ರಸ್ತೆ ತುಂಬ ಮುಡಿ ಕೊಟ್ಟ ಮಕ್ಕಳು, ಎಲ್ಲಾ ಬೋಳು, ಎಲ್ಲಾ ಗಂಧ.

"ಇದರಲ್ಲಿ ಹೆಣ್ಯಾವುದು, ಗಂಡ್ಯಾವುದು, ನೀವೇ ಹೇಳಿಯಮ್ಮ."

ಬಸ್ ಸ್ಟ್ಯಾಂಡಲ್ಲಿ ಒಬ್ಬ ಕಂಡಕ್ಟರು, ನೆನ್ನೆ ಒಬ್ಬರು ಚಡ್ಡಿ ಹಾಕಿದ್ದ ಬೋಳುತಲೆ ಗಂಡುಮಗೂನ ಬನ್ನೂರಿಗೆ ಕರ್ಕೊಂಡೋದರು ಅಂದ. ಚಡ್ಡಿ ತೊಡಿಸಿದರೆ ಯಾರಿಗೆ ಗೊತ್ತಾಗುತ್ತೆ? ಗುರುತೆಲ್ಲಾ ಬೋಳಿಸಿ ಅವರ ಕೈಗೆ ಕೊಟ್ಟೋಳು ನಾನೇ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

೧೯-೨, ಶನಿವಾರ

ಪೊಲೀಸರು ಎರಡು ಸಲ ಗುರುತಿಸೋಕೆ ಕರೆದಿದ್ದರು. ಯಾರದೋ ಮಕ್ಕಳು. ನನ್ನ ನೋಡಿ ಅತ್ತವು.

ಈಗ ಪೇದೆ ಬಂದು ಹೊರಗೆ ಕಾಯ್ತಿದಾರೆ. ಬನ್ನೂರಲ್ಲಿ ಒಬ್ಬರ ಮನೇಲಿ ಮಗು ಸಿಕ್ಕಿದೆಯಂತೆ. ಬೋಳುತಲೆ, ಚಡ್ಡಿ. ಹೆಸರು ಕೇಳಿದರೆ ಬಾಯೇ ಬಿಡ್ತಿಲ್ಲ. ಅದರಪ್ಪ ಅನ್ನೋರೊಬ್ಬರು ಅಲ್ಲೇ ಕೂತಿದಾರಂತೆ. ಅಮ್ಮ ಅಂತ ನಿಮ್ಮ ಹತ್ರ ಬಂದರೆ ಸಾಕು, ಕಳಿಸಿಕೊಡ್ತೀವಿ ಅಂದರು.

ಚಪ್ಪಲಿ ಮೆಟ್ಟಿ ಬರೀತಿದೀನಿ. ಅವಳೇ ಆಗಿರಲಿ ದೇವರೇ. ಅವಳೇ ಆಗಿದ್ದು, ತಲೆ ಅಮುಕಿದ ಈ ಕೈ ನೋಡಿ ಹಿಂದಕ್ಕೆ ಸರಿದು, ಬರಲ್ಲ ಅಂದರೆ —