ಸರಿ ಉತ್ತರದ ಸದ್ದು

ಮೇಡಂ ಅವರಿಗೆ ನಮಸ್ಕಾರ.

ನನ್ನ ಮಗಳು ಕಚ್ಚಿದ ನಿಮ್ಮ ಕೈ ಈಗ ಹೇಗಿದೆ? ಎದುರು ನಿಂತು ಕೇಳಲು ಮುಖವಿಲ್ಲದೆ ಬರೆಯುತ್ತಿದ್ದೇನೆ.

“ಆಟಿಸಂ ಅಂತೀರಿ, ಒಪ್ಪಿದೆ. ಆದ್ರೆ ಕಚ್ತಾಳೆ, ಪಾಠಾನೂ ತಲೆಗೆ ಹತ್ತಲ್ಲ. ಶಾಲೆ ಬಿಡಿಸಿಬಿಡಿ” ಎಂದರು ಹೆಡ್‌ಮಾಸ್ಟರು. ಸೋಮವಾರ ಉತ್ತರ ಕೊಡಬೇಕು. ಅದಕ್ಕೆ ಮೊದಲು ನಿಮಗೊಂದು ಮಾತು.

ಅಂದು ಬೋರ್ಡಿನ ಮೇಲೆ ಅವಳ ಲೆಕ್ಕ ಸರಿಯಾಯಿತು. ನೀವು ಪ್ರೀತಿಯಿಂದಲೇ ಇಡೀ ತರಗತಿಯಿಂದ ಚಪ್ಪಾಳೆ ಹೊಡೆಸಿದಿರಿ. ತಗಡು ಬಡಿಯುವುದು ನನ್ನ ಕಸುಬು. ಆ ಸದ್ದಿಗೆ ಹೆದರಿ ಅವಳು ನನ್ನ ಅಂಗಡಿಯತ್ತ ತಲೆಯೂ ಹಾಕುವುದಿಲ್ಲ. ಚಪ್ಪಾಳೆಯೂ ಅವಳಿಗೆ ಅದೇ ಸದ್ದು. ದಿಕ್ಕು ತೋಚದೆ, ಬೆನ್ನು ತಟ್ಟಲು ಬಂದ ಕೈಯನ್ನೇ ಕಚ್ಚಿದಳು.

ಅಂದಿನಿಂದ ಶಾಲೆಯಲ್ಲಿ ಅವಳ ಲೆಕ್ಕವೆಲ್ಲ ತಪ್ಪು, ಮನೆಯಲ್ಲಿ ಎಲ್ಲವೂ ಸರಿ. ಯಾಕಮ್ಮ ಎಂದು ಕೇಳಿದರೆ, “ತಪ್ಪು ಮಾಡಿದ್ರೆ ಚಪ್ಪಾಳೆ ಇಲ್ಲ” ಎಂದಳು.

ಅವಳ ಉತ್ತರ ಸರಿಯಾದಾಗ ಸದ್ದಿಲ್ಲದೆ ಒಂದು ರೈಟ್ ಮಾರ್ಕ್ ಹಾಕಿಬಿಡಿ, ಚಪ್ಪಾಳೆ ಬೇಡವೆಂದು ಮಕ್ಕಳಿಗೂ ಹೇಳಿ. ಸುಲಭವಲ್ಲ, ಬಲ್ಲೆ. ನಿನ್ನೆ ಅವಳು ಹೊಸದಾಗಿ ಕಲಿತ ಭಾಗಾಕಾರವನ್ನು ಸರಿಯಾಗಿ ಮಾಡಿ, ನನ್ನ ಕೈಗಳನ್ನೇ ನೋಡುತ್ತಿದ್ದಳು. ನಾನು ಎರಡನ್ನೂ ತೊಡೆಯ ಕೆಳಗಿಟ್ಟು ಅದುಮಿಕೊಂಡು ಕೂತೆ. ಅವಳು ಮುಂದಿನ ಲೆಕ್ಕಕ್ಕೆ ಹೋದಳು.

ಇಂತಿ,
ಅವಳ ಅಪ್ಪ