ಎಡಬದಿಯ ಹೊಲಿಗೆ

ಹೆಬಳೆ, ಭಟ್ಕಳ
೧೮ ಸೆಪ್ಟೆಂಬರ್ ೧೯೪೬

ಚಿ. ನಾಗಪತಿಗೆ ಅತ್ತಿಗೆಯ ಆಶೀರ್ವಾದ.

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಮಳೆ ಹಿಂದಾಯಿತು, ದೋಣಿ ಇಳಿಸುತ್ತೇನೆ, ಅಣ್ಣನ ಹೊದಿಕೆ ಕಳಿಸು ಎಂದು ಬರೆದಿದ್ದೀ. ತವರಿಗೆ ಬರುವಾಗ ತಂದಿದ್ದೆ. ಇದರ ಜೊತೆ ಕಳಿಸಿದ್ದೇನೆ.

ಅಘನಾಶಿನಿಯ ಅಳಿವೆಯಲ್ಲಿ ಉಪ್ಪಿನ ಚೀಲಕ್ಕೆ ನೀರು ಹಾರದಿರಲೆಂದು ನಿನ್ನ ಅಣ್ಣ ಹಳೆಯ ಹಾಯಿ ಕತ್ತರಿಸಿ ಮಾಡಿದ್ದು. ಅಂಚನ್ನು ದೋಣಿಯ ಬಾಯಿಗೆ ಸುತ್ತಲೂ ಕಟ್ಟಿ, ನಡುವಿನ ತೂತಿನಲ್ಲಿ ಕೂತು ಸೊಂಟಕ್ಕೆ ಬಿಗಿದುಕೊಳ್ಳುತ್ತಿದ್ದರು. ನೀನು ದಡಕ್ಕೆ ಬಂದ ಕೂಡಲೇ ಅದನ್ನು ಸಿಹಿನೀರಿನಲ್ಲಿ ಜಾಲಿಸು. ಉಪ್ಪು ಕೂತರೆ ನೂಲು ಲಡ್ಡಾಗಿ ಹರಿಯುತ್ತದೆ. ನೆರಳಲ್ಲಿ ಒಣಗಿಸು. ಹಸಿ ಇರುವಾಗ ಮಡಚಬೇಡ. ಮೀನೆಣ್ಣೆ ಸವರಿದ ಮೇಲೆ ಇಲಿಗೆ ಸಿಗದ ಹಾಗೆ ತೂಗಿಹಾಕು. ದಡದಲ್ಲಿ ಎಳೆಯಬೇಡ, ಚಿಪ್ಪು ಸೀಳುತ್ತದೆ.

ಎಡಬದಿಯ ಹೊಲಿಗೆಯನ್ನು ಮಾತ್ರ ಗಟ್ಟಿ ಮಾಡಬೇಡ.

ಅಲ್ಲಿ ಅವರು ಒಂದೆಳೆ ನೂಲು ಹಾಕಿದ್ದರು. ನಾಲ್ಕು ಸಲ ಹೋಗಿ ಬಂದರೆ ಕಿತ್ತುಬರುತ್ತಿತ್ತು. ಗಟ್ಟಿಯಾಗಿ ಹೊಲಿಯುತ್ತೇನೆ ಎಂದರೆ, "ಹರದ್ರೆ ಹರೀಲಿ ಮಾರಾಯ್ತಿ, ಹೊಲೂಕೆ ನೀ ಇದ್ಯಲ್ಲ" ಎಂದು ನಗುತ್ತಿದ್ದರು. ಒಂದು ದಿನ ದೋಣಿ ನಿಲ್ಲುವ ದಕ್ಕೆಯಲ್ಲಿ ನೆರೆಮನೆಯ ಸುಬ್ಬಿ ಎಲ್ಲರೆದುರು, "ಎಂತದೇ ಗಣಪಿ, ಗಂಡನ ಸೊಂಟಕ್ಕೆ ಹರಕು ಕಟ್ಟಿ ಕಳಸ್ತೆ, ಮನೇಲಿ ಸೂಜಿ ಇಲ್ವನೆ?" ಎಂದಳು. ಹೆಂಗಸರೆಲ್ಲ ನಕ್ಕರು. ನಾಚಿಕೆಯಾಯಿತು. ಅವರು ಕುಮಟೆಗೆ ಹೋದಾಗ ಬಲೆಯ ದಾರದಲ್ಲಿ ಎರಡು ಸುತ್ತು ಹೊಲಿದೆ. ಅವರಿಗೆ ಹೇಳಲಿಲ್ಲ.

ಮರುದಿನ ದೋಣಿ ಮಗುಚಿತು. ದಡಕ್ಕೆ ತಂದಾಗ ಸೊಂಟಕ್ಕೆ ಹೊದಿಕೆ ಬಿಗಿದ ಹಾಗೆಯೇ ಅವರು ಅದರೊಳಗೇ ಇದ್ದರು. ಎಡಗೈ ಆ ಹೊಲಿಗೆಯನ್ನು ಹಿಡಿದಿತ್ತು. ಒಂದೆಳೆಯಾಗಿದ್ದರೆ ಒಂದು ಎಳೆತಕ್ಕೆ ಬಿಚ್ಚಿಕೊಂಡು ಹೊರಗೆ ಬರುತ್ತಿದ್ದರು. ಅದಕ್ಕೇ ಹಾಗೆ ಬಿಟ್ಟಿದ್ದರೆಂದು ನನಗೆ ಆಗ ತಿಳಿಯಿತು. ಬೇರೆಯವರು ನೋಡುವ ಮೊದಲು ದಾರ ಕತ್ತರಿಸಿ ಸೆರಗಿನಲ್ಲಿ ಕಟ್ಟಿಕೊಂಡೆ.

ಈಜು ಬಲ್ಲವನು ಹೇಗೆ ಹೋದ ಎಂದು ಊರು ಕೇಳಿತು. ಗಾಳಿ ಎಂದರು. ನೀನು ಜೊತೆಗೆ ಹೋಗಿದ್ದರೆ ಉಳಿಯುತ್ತಿದ್ದ ಎಂದು ಅತ್ತೆಯವರು ನಿನಗೆ ಶಾಪ ಹಾಕಿದರು. ನಾನು ಪಕ್ಕದಲ್ಲೇ ಕೂತು ಕೇಳಿದೆ. ಸೆರಗಿನ ಗಂಟು ಬಿಚ್ಚಲಿಲ್ಲ.

ಈಗ ಮತ್ತೆ ಒಂದೆಳೆ ನೂಲು ಹಾಕಿದ್ದೇನೆ. ಮೊದಲು ಮೊಣಕಾಲುದ್ದ ನೀರಿನಲ್ಲಿ ಕಟ್ಟಿಕೊಂಡು ಒಂದೇ ಕೈಯಲ್ಲಿ ಎಳೆದು ನೋಡು. ಕಿತ್ತುಬರದಿದ್ದರೆ ಹೊದಿಕೆಯನ್ನು ಸುಟ್ಟುಬಿಡು.

ನಿನ್ನ ಅತ್ತಿಗೆ,
ಗಣಪಿ

ತಾ.ಕ.: ಅತ್ತೆಯವರು ಇವತ್ತಿಗೂ ನಿನ್ನೊಡನೆ ಮಾತಾಡುವುದಿಲ್ಲ ಎಂದು ಬರೆದಿದ್ದೀ. ಈ ಕಾಗದವನ್ನು ಅವರಿಗೆ ಓದಿ ಹೇಳು. ನನ್ನ ಮೇಲೆ ಕನಿಕರಪಟ್ಟು ಒಂದು ಸಾಲನ್ನೂ ಬಿಡಬೇಡ.