ಬಾವಲಿ ಚಿತ್ರಗಳ ಹಿಂದಿನ ಗೋಡೆ

ಮಗಳೇ ಪ್ರೀತಿ,

ಮುಧೋಳದಿಂದ ನಿನ್ನ ಸುವರ್ಣತ್ತೆ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀ, ಕಾಗದವಾದರೆ ಕೊನೆಯವರೆಗೂ ಓದಲೇಬೇಕು. ಜಮಖಂಡಿಗೆ ಹೋಗಿ ಹುಡುಗನ ಮನೆ ನೋಡಿ ಬಂದಾಗಿನಿಂದ ನಿನ್ನಪ್ಪ ನನ್ನ ಮುಖ ನೋಡುತ್ತಿದ್ದಾನೆ. 'ಅಕ್ಕ ಹೂಂ ಅಂದ್ರ ನಂದೂ ಹೂಂ' ಎಂದು ಎಲ್ಲವನ್ನೂ ನನ್ನ ತಲೆಗೆ ಕಟ್ಟಿ ಆರಾಮಾಗಿ ಕೂತಿದ್ದಾನೆ. ನೀನು ರಬಕವಿಯ ಬ್ಯಾಂಕಿನಲ್ಲಿ ಕೂತು ನನ್ನ ಒಂದು ಮಾತಿಗೆ ಕಾಯುತ್ತಿರುವುದು ನನಗೆ ಗೊತ್ತು. ನಾನು ಇನ್ನೂ ಹೂಂ ಅಂದಿಲ್ಲ. ಯಾಕೆಂದು ಹೇಳುತ್ತೇನೆ.

ಮನೆ ನೋಡಲು ಹೋದವರು ಏನೇನು ನೋಡಬೇಕೆಂದು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ. ನಿನ್ನಪ್ಪ ಹಿತ್ತಲಿಗೆ ಹೋಗಿ ಬೋರಿನ ನೀರು ಕುಡಿದು ನೋಡಿದ. ನಾನು ಅಡುಗೆಮನೆಗೆ ಹೋಗಿ, ಕಣ್ಣು ತಪ್ಪಿಸಿ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದೆ. ಒಂದು ಹುಳವೂ ಇರಲಿಲ್ಲ. ಅದಕ್ಕೂ ಸಂಶಯವೇ ಬಂತು. ನಾವು ಬರುತ್ತೇವೆಂದು ಹೊಸದಾಗಿ ಬೀಸಿಸಿರಬೇಕು. ನಮ್ಮ ಮನೆತನದ ಪದ್ಧತಿ ನಿನಗೆ ಗೊತ್ತು. ಸಂಬಂಧ ಒಪ್ಪಿದರೆ ಅವರ ಮನೆಯ ಮಾದಲಿಯ ಸಿಹಿ ಬಾಯಿಗೆ ಹಾಕಿಕೊಳ್ಳಬೇಕು, ಒಪ್ಪದಿದ್ದರೆ ಬರೀ ಚಹಾ ಕುಡಿದು ಏಳಬೇಕು. ಹುಡುಗನ ತಾಯಿ ಇಂದ್ರವ್ವ ಮಾದಲಿಯ ತಟ್ಟೆಗಳನ್ನು ಹುಡುಗನ ಕೈಗೆ ಕೊಟ್ಟು ಕಳಿಸಿ, ತಾನು ಅಡುಗೆಮನೆಯ ಬಾಗಿಲ ಮರೆಯಲ್ಲೇ ಉಳಿದಳು.

ಪಡಸಾಲೆಯಲ್ಲಿ ಕೂತು ತಲೆ ಎತ್ತಿದರೆ, ಎದುರಿನ ಗೋಡೆಯ ಮೇಲೆ ಬಾವಲಿಗಳು. ದೇವರ ಫೋಟೊ ಇರಬೇಕಾದಲ್ಲಿ, ಹಿರಿಯರ ಫೋಟೊ ಇರಬೇಕಾದಲ್ಲಿ, ಕರಿ ಕಟ್ಟು ಹಾಕಿಸಿದ ಬಾವಲಿಯ ಚಿತ್ರಗಳು. ಹಗಲೂ ರಾತ್ರಿ ಹಲ್ಲು ಕಿರಿಯುವ ಪ್ರಾಣಿಗಳ ಕೆಳಗೆ ನನ್ನ ಹುಡುಗಿ ಕೂತು ಊಟ ಮಾಡಬೇಕೇ ಎಂದುಕೊಂಡೆ. ಬಾವಲಿ ಮನೆ ಹೊಕ್ಕರೆ ನಮ್ಮ ಅಜ್ಜಿ ಮನೆಯೆಲ್ಲ ತೊಳೆಸುತ್ತಿದ್ದಳು. ಇವರು ಮೊಳೆ ಹೊಡೆದು ಇಟ್ಟುಕೊಂಡಿದ್ದಾರೆ.

ಹುಡುಗ ಕಲ್ಮೇಶ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾನೆಂದು ನೀನು ಹೇಳಿದ್ದೆ. ಇವೇನು ಚಿತ್ರ ಎಂದು ಕೇಳಿದ್ದೇ ತಡ, ಎದ್ದು ನಿಂತು ಪಾಠ ಶುರು ಮಾಡಿದ. ನೂರು ವರ್ಷಕ್ಕೂ ಹಿಂದಿನ ಪರದೇಶದ ಪುಸ್ತಕಗಳ ಹಾಳೆಗಳಂತೆ, ಅಚ್ಚು ಹಾಕಿದ ಮೇಲೆ ಒಂದೊಂದಕ್ಕೂ ಕೈಯಿಂದಲೇ ಬಣ್ಣ ತುಂಬಿದ್ದಾರಂತೆ, ಪುಣೆಯ ಹಳೇ ಕಾಗದದ ಅಂಗಡಿಯಲ್ಲಿ ಹುಡುಕಿ ತಂದನಂತೆ. 'ಇದರ ರೆಕ್ಕಿ ನೋಡ್ರಿ, ಖರೆ ಅಂದ್ರ ಇದು ಕೈ ಐತ್ರಿ. ಇವೆಲ್ಲಾ ಬೆರಳು' ಎಂದ. ಹತ್ತಿರ ಹೋಗಿ ನೋಡಿದೆ. ಹೌದು, ಮಗಳೇ. ತೆಳು ತೊಗಲಿನೊಳಗೆ ಉದ್ದುದ್ದ ಬೆರಳುಗಳು ಕಾಣುತ್ತಿದ್ದವು. ಇನ್ನೊಂದರಲ್ಲಿ ಕಂದು ಬಣ್ಣದ ತಾಯಿ ಬಾವಲಿ, ಎದೆಗೆ ಕಚ್ಚಿಕೊಂಡ ಮರಿ. ಮೈಮೇಲಿನ ಒಂದೊಂದು ಕೂದಲನ್ನೂ ಬಿಡಿಸಿದ್ದರು. ಒಪ್ಪಿಕೊಳ್ಳುತ್ತೇನೆ, ಚೆಂದವೇ ಇದ್ದವು. ಚೆಂದ ಕಂಡರೆ ಹಿಂದೆ ಏನಿದೆ ಎಂದು ನೋಡುವುದು ನನ್ನ ಹುಟ್ಟುಗುಣ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಚಿತ್ರದ ಕಟ್ಟಿನ ಕೆಳಗೆ ಗೋಡೆಯ ಬಣ್ಣ ಬೇರೆಯಾಗಿತ್ತು. ಸುತ್ತಲೂ ಹೊಗೆ ಹಿಡಿದ ಹಳದಿ, ಅಲ್ಲಿ ಮಾತ್ರ ಹೊಸ ಸುಣ್ಣದಂತೆ ಬಿಳಿ ಅಂಚು. ಚಿತ್ರವನ್ನು ಬೆರಳಿನಿಂದ ತುಸು ಸರಿಸಿದೆ. ಬಹಳ ಕಾಲ ಅಲ್ಲಿ ಇನ್ನೂ ದೊಡ್ಡದೊಂದು ಫೋಟೊ ಇತ್ತು, ಈಗಷ್ಟೇ ತೆಗೆದಿದ್ದಾರೆ. ಹುಡುಗನಿಗೆ ಮೊದಲೊಂದು ಮದುವೆ ಆಗಿರಬೇಕು, ಅದರ ಫೋಟೊವೇ ಇರಬೇಕು ಎಂದುಕೊಂಡೆ.

'ಇಲ್ಲಿ ಯಾವ ಫೋಟೊ ಇತ್ರಿ?' ಎಂದು ಕೇಳಿಯೇ ಬಿಟ್ಟೆ. ಮಾದಲಿಗೆ ಹೊರಟಿದ್ದ ನಿನ್ನಪ್ಪನ ಕೈ ತಟ್ಟೆಯ ಮೇಲೇ ನಿಂತಿತು.

ಹುಡುಗನ ಕಾಕಾ ಗಿರಿಮಲ್ಲಪ್ಪ, 'ಕ್ಯಾಲೆಂಡರ್ ಇತ್ರಿ, ಹಳೇದಾಗಿತ್ತು' ಎಂದ. ಕೇಳದ ಪ್ರಶ್ನೆಗೂ ಉತ್ತರ ಕೊಡುವ ಕಲ್ಮೇಶ ಮಾತ್ರ ನೆಲ ನೋಡುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಆಗ ಬಾಗಿಲ ಮರೆಯಿಂದ ಇಂದ್ರವ್ವ ಹೇಳಿದಳು: 'ನಮ್ಮ ಮನಿಯವ್ರ ಫೋಟೊ ಇತ್ರೀ ಯಕ್ಕಾ. ನಾನ ತಗದ ಇಟ್ಟೇನಿ. ಛಲೋ ಕೆಲಸಕ್ಕ ಬಂದವ್ರ ಕಣ್ಣಿಗೆ, ಬಂದ ಕೂಡ್ಲೆ ಹಾರ ಹಾಕಿದ ಫೋಟೊ ಯಾಕ ಬೀಳಬೇಕು ಅಂತ.'

ಗಂಡನನ್ನು ಕಳೆದುಕೊಂಡವಳು ಶುಭಕಾರ್ಯದ ದಿನ ಮರೆಯಲ್ಲಿ ನಿಲ್ಲುವುದು ನನಗೆ ಹೊಸದಲ್ಲ. ನಿನ್ನ ಮಾವ ತೀರಿಕೊಂಡ ಮೇಲೆ ನಾನೂ ಎಷ್ಟು ಬಾಗಿಲ ಹಿಂದೆ ನಿಂತಿದ್ದೇನೋ. ನಿನ್ನ ಅಕ್ಕ ಬಸುರಿಯಾಗಿದ್ದಾಗ ಮಾಡಿದ ಕುಬಸದಲ್ಲಿ ಆರತಿಯ ಹೊತ್ತಿಗೆ ನನ್ನನ್ನು ಒಳಗೆ ಕಳಿಸಿದಾಗ, ಕೈ ಹಿಡಿದು ಹೊರಗೆ ಎಳೆದು ತಂದವಳು ನೀನು. ಈ ಮನೆ ನೋಡುವುದಕ್ಕೂ ನಾನೇ ಹೋಗಬೇಕೆಂದು ಹಟ ಹಿಡಿದವಳು ನೀನು. ಆ ಹೆಂಗಸಿನ ದನಿ ಕೇಳಿ ನನಗೆ ಅಳು ಬಂತು. ಆದರೂ ಆ ಮಾತನ್ನು ನಾನು ನಂಬಲಿಲ್ಲ.

ಯಾಕೆಂದರೆ ಇಂದ್ರವ್ವನ ಬಲಗೈ ಮೇಲೆ ಏಳುವುದಿಲ್ಲ. ಅಡುಗೆಮನೆಯಲ್ಲಿ ನೋಡಿದ್ದೆ, ಸೊಂಟದೆತ್ತರದ ಕಟ್ಟೆಯಿಂದ ಡಬ್ಬಿ ಎತ್ತಲೂ ಎಡಗೈಯೇ ಬೇಕು. ಆ ಮೊಳೆ ಇರುವುದು ಬಾಗಿಲ ಚೌಕಟ್ಟಿಗಿಂತ ಮೇಲೆ. ಅಷ್ಟು ದೊಡ್ಡ ಫೋಟೊವನ್ನು ಅಲ್ಲಿಂದ ಇಳಿಸಿ ಬಾವಲಿಗಳನ್ನು ನೇತುಹಾಕಿದ್ದು ಆಕೆಯಲ್ಲ. ಮಗನನ್ನು ಉಳಿಸಲು ಆಕೆ ಸುಳ್ಳು ಹೇಳಿದಳು. ಮಗ ಸುಮ್ಮನೆ ಕೇಳಿಕೊಂಡು ನಿಂತ.

ನಾವು ಚಹಾ ಕುಡಿದು ಎದ್ದೆವು. ಯೋಚನೆ ಮಾಡಿ ತಿಳಿಸುತ್ತೇವೆ ಅಂದೆವು.

ಬಾವಲಿಗಳ ಮೇಲೆ ನನಗೀಗ ತಕರಾರಿಲ್ಲ, ನಿನ್ನ ಕೋಣೆ ತುಂಬ ಹಾಕಿಕೋ. ಹುಡುಗನೂ ದುಷ್ಟನಲ್ಲ. ಇಳಿಸು ಎಂದು ಕಾಕಾ ಹೇಳಿದ್ದಾನೆ, ಇವನು ಸ್ಟೂಲು ಹತ್ತಿದ್ದಾನೆ, ಅಷ್ಟೇ ಇರಬಹುದು. ಆದರೆ ನಾಲ್ಕು ಜನರ ಮುಂದೆ ತಾಯಿಯ ಹಿಂದೆ ಅಡಗಿದವನು ನಾಳೆ ನಿನ್ನ ಹಿಂದೆಯೂ ಅಡಗುತ್ತಾನೆ ಎಂಬ ಭಯ ನನಗೆ. ಇವತ್ತು ಅವನಿಗೆ ಫೋನ್ ಮಾಡು. ನಾನು ಬರೆದದ್ದು ಏನೂ ಹೇಳಬೇಡ. ಅವನ ಅಪ್ಪನ ಫೋಟೊ ಯಾರು ಇಳಿಸಿದರು ಎಂದಷ್ಟೇ ಕೇಳು. 'ಅವ್ವ' ಎಂದರೆ ಆ ಮನೆಯ ಆಸೆ ಬಿಡು. 'ನಾನ ಇಳಿಸೀನಿ' ಎಂದರೆ, ಅವನಿಗೆ ನಾಚಿಕೆಯಾದರೆ, ನಿನ್ನಪ್ಪನಿಗೆ ನಾನು ಹೂಂ ಅನ್ನುತ್ತೇನೆ.

ಆ ಮದುವೆಯೇ ನಡೆದರೆ ಒಂದು ಮಾತು ಈಗಲೇ ಹೇಳಿಡುತ್ತೇನೆ. ಅಕ್ಕಿಕಾಳು ಹಾಕುವಾಗ ಇಂದ್ರವ್ವ ಮುಂದಿನ ಸಾಲಿನಲ್ಲಿ, ನನ್ನ ಪಕ್ಕದಲ್ಲಿ ನಿಲ್ಲಬೇಕು. ಆಕೆಯನ್ನು ಬಾಗಿಲ ಮರೆಗೆ ಕಳಿಸಿದರೆ ನಾನೂ ಅಲ್ಲೇ ಹೋಗಿ ನಿಲ್ಲುತ್ತೇನೆ, ನೀನು ಎಷ್ಟು ಕರೆದರೂ ಬರುವುದಿಲ್ಲ.

ತಪ್ಪನ್ನು ತಪ್ಪೆಂದು ಬಾಯಿ ಬಿಟ್ಟು ಹೇಳುವ ಗಂಡ ನಿನಗೆ ಸಿಗಲಿ ಎಂದು ಹರಸುವ,

ನಿನ್ನ ಸುವರ್ಣತ್ತೆ